ಹುಟ್ಟಿದಾಗ ಅಳದ ಮಗು: ತಾಯಂದಿರ ಆತಂಕಕ್ಕೆ ಉತ್ತರ

ಪ್ರಶ್ನೆ: ನನ್ನ ಮಗನಿಗೆ ಐದು ತಿಂಗಳು. ಹುಟ್ಟಿದ ಕೂಡಲೇ ಅಳಲಿಲ್ಲ, ಮೂರು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಅಂಥ ಮಕ್ಕಳಿಗೆ ಸೆರೆಬ್ರಲ್ ಪಾಲ್ಸಿ ಬರುತ್ತದೆಂದು ಕೇಳಿದಾಗಿನಿಂದ ನಿದ್ದೆಯಿಲ್ಲ.
– ಗೃಹಿಣಿ, ಶಿಡ್ಲಘಟ್ಟ

ಉತ್ತರ: ನಿಮ್ಮ ಭಯ ಸಹಜ. ಆದರೂ ಧೈರ್ಯ ತಂದುಕೊಳ್ಳಿ. ತಡವಾಗಿ ಅತ್ತ ಮಕ್ಕಳಲ್ಲಿ ಬಹುಪಾಲು ಎಲ್ಲರಂತೆಯೇ ಬೆಳೆಯುತ್ತವೆ. ಹೆರಿಗೆಯ ವೇಳೆ ಆಮ್ಲಜನಕದ ಕೊರತೆಯಿಂದ ಮೆದುಳಿಗೆ ಪೆಟ್ಟಾಗಿದ್ದರೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಚಲನೆ, ಭಂಗಿಗಳಲ್ಲಿ ಬರುವ ತೊಂದರೆ) ಬರಬಹುದು. ಅವಧಿಗೆ ಮುನ್ನ ಹುಟ್ಟುವುದು, ಗರ್ಭದಲ್ಲಿ ತಗಲುವ ಸೋಂಕು ಕೂಡ ಇದಕ್ಕೆ ಕಾರಣಗಳು.

ಮಗುವನ್ನು ಎತ್ತಿದಾಗ ಕತ್ತು ಇನ್ನೂ ವಾಲುತ್ತದೆಯೇ? ಮುಷ್ಟಿ ಸದಾ ಬಿಗಿದಿರುತ್ತದೆಯೇ? ಬಟ್ಟೆ ಬದಲಿಸುವಾಗ ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುತ್ತವೆಯೇ? ಯಾವಾಗಲೂ ಒಂದೇ ಕೈ ಚಾಚುತ್ತಾನೆಯೇ? ಇವುಗಳಲ್ಲಿ ಒಂದು ಕಂಡರೂ ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ. ‘ಗಂಡುಮಕ್ಕಳು ನಿಧಾನ’ ಎನ್ನುವ ಮಾತು ಕೇಳಿ ಕಾಯಬೇಡಿ. ಏನೂ ಕಾಣದಿದ್ದರೂ ಎರಡು ವರ್ಷದವರೆಗೆ ಬೆಳವಣಿಗೆಯ ತಪಾಸಣೆ ತಪ್ಪಿಸಬೇಡಿ.

ಪ್ರಶ್ನೆ: ನನಗೀಗ ಎಂಟು ತಿಂಗಳು. ಅಕ್ಕನ ಮಗುವಿಗೆ ಕಾಮಾಲೆ ಏರಿ ಮೆದುಳಿಗೆ ತೊಂದರೆಯಾಯಿತು. ನನ್ನ ಮಗುವಿಗೂ ಹಾಗಾಗುತ್ತದೆಯೇ?
– ಗರ್ಭಿಣಿ, ಚಿಂತಾಮಣಿ

ಉತ್ತರ: ಕಣ್ಣಾರೆ ಕಂಡವರಿಗೆ ಈ ಹೆದರಿಕೆ ಇದ್ದೇ ಇರುತ್ತದೆ. ಸಮಾಧಾನದ ವಿಷಯವೆಂದರೆ ಈ ಹಾನಿಯನ್ನು ತಡೆಯಬಹುದು. ಅರ್ಧಕ್ಕೂ ಹೆಚ್ಚು ಶಿಶುಗಳಿಗೆ ಮೊದಲ ವಾರ ಮೈ ಹಳದಿಯಾಗಿ, ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ. ಬಿಲಿರುಬಿನ್ (ರಕ್ತದಲ್ಲಿನ ಹಳದಿ ಅಂಶ) ವಿಪರೀತ ಏರಿದರೆ ಅಪಾಯ.

ತಾಯಿ ಕಾರ್ಡಿನಲ್ಲಿ ನಿಮ್ಮ ರಕ್ತದ ಗುಂಪು ನೋಡಿ. ನೆಗೆಟಿವ್ ಇದ್ದರೆ ಈಗಲೇ ವೈದ್ಯರಿಗೆ ತಿಳಿಸಿ. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಹಳದಿ ಅಂಗೈ–ಅಂಗಾಲಿಗೆ ಇಳಿದರೆ ಅಥವಾ ಮಗು ಹಾಲು ಕುಡಿಯದೆ ಮಂಕಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಅಗತ್ಯವಿದ್ದರೆ ಫೋಟೊಥೆರಪಿ (ನೀಲಿ ಬೆಳಕಿನ ಚಿಕಿತ್ಸೆ) ಕೊಡುತ್ತಾರೆ. ಎಳೆಬಿಸಿಲು ಇದಕ್ಕೆ ಬದಲಿಯಲ್ಲ. ಆಶಾ ಕಾರ್ಯಕರ್ತೆ 3 ಮತ್ತು 7ನೇ ದಿನ ಮನೆಗೆ ಬಂದಾಗ ಮಗುವಿನ ಬಟ್ಟೆ ಬಿಚ್ಚಿ, ಹಗಲು ಬೆಳಕಿನಲ್ಲಿ ಅಂಗಾಲು ತೋರಿಸಿ.

ಪ್ರಶ್ನೆ: ಮೂರು ವರ್ಷದ ಮಗಳಿಗೆ ಸೆರೆಬ್ರಲ್ ಪಾಲ್ಸಿ ಎಂದಿದ್ದಾರೆ. ಗ್ರಹಣದ ದಿನ ನಾನು ಹೊರಗೆ ಬಂದದ್ದೇ ಕಾರಣವೆಂದು ಮನೆಯಲ್ಲಿ ದೂರುತ್ತಾರೆ. ಏನು ಮಾಡಲಿ?
– ತಾಯಿ, ಗೌರಿಬಿದನೂರು

ಉತ್ತರ: ಅಮ್ಮಾ, ಇದಕ್ಕೂ ಗ್ರಹಣಕ್ಕೂ ಸಂಬಂಧವಿಲ್ಲ. ಆ ಹೊರೆಯನ್ನು ಮನಸ್ಸಿನಿಂದ ಇಳಿಸಿಬಿಡಿ.

ಮೆದುಳಿಗೆ ಆದ ಹಾನಿ ದಿನೇದಿನೇ ಹೆಚ್ಚುವಂಥದ್ದಲ್ಲ. ಆದರೆ ವ್ಯಾಯಾಮವಿಲ್ಲದಿದ್ದರೆ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಆದ್ದರಿಂದ ಫಿಸಿಯೊಥೆರಪಿ (ಅಂಗಸಾಧನೆ) ನಿಲ್ಲಿಸಬೇಡಿ. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೆರೆಬ್ರಲ್ ಪಾಲ್ಸಿಯೂ ಸೇರಿದೆ. ಯುಡಿಐಡಿ ಕಾರ್ಡ್ (ಅಂಗವೈಕಲ್ಯದ ಗುರುತಿನ ಚೀಟಿ) ಮಾಡಿಸಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ‘ನಿರಾಮಯ’ ಆರೋಗ್ಯ ವಿಮೆಗೂ ಅರ್ಜಿ ಹಾಕಿ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮನೆಯವರನ್ನೂ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ವೈದ್ಯರ ಬಾಯಿಂದಲೇ ಕೇಳಲಿ. ಮಗುವಿನ ವ್ಯಾಯಾಮವನ್ನು ಅವರೂ ಕಲಿಯಲಿ. ಇದು ನೀವೊಬ್ಬರೇ ಮಾಡಬೇಕಾದ ಕೆಲಸವಲ್ಲ.