ಬೆಳೆಯುವ ಜನ, ಬೆಳೆಯದ ನೀರು

ಚಕ್ರಬಡ್ಡಿಯ ಲೆಕ್ಕವನ್ನು ನಾವೆಲ್ಲರೂ ಪಾಠಶಾಲೆಯಲ್ಲಿ ಮಾಡಿದ್ದೇವೆ. ವರ್ಷಕ್ಕೆ ಶೇಕಡ 2ರಂತೆ ಬಡ್ಡಿಯು ಅಸಲಿಗೆ ಸೇರುತ್ತ ಹೋದರೆ 100 ರೂಪಾಯಿ 200 ಆಗಲು ಎಷ್ಟು ಕಾಲ ಬೇಕು? 50 ವರ್ಷವೆನ್ನುವವರು ಬಡ್ಡಿಯ ಮೇಲಣ ಬಡ್ಡಿಯನ್ನು ಮರೆತಿರುತ್ತಾರೆ. 70ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಇಮ್ಮಡಿಯಾಗುವ ಕಾಲವು ಸ್ಥೂಲವಾಗಿ ದೊರೆಯುವುದು. ಇಲ್ಲಿ ಅದು 35 ವರ್ಷ.

ಜನಸಂಖ್ಯೆಯ ಬೆಳವಣಿಗೆಯೂ ಇದೇ ಬಗೆಯದು. ಏಕೆಂದರೆ ಇಂದು ಹುಟ್ಟಿದ ಮಕ್ಕಳು ಮುಂದೆ ತಾವೂ ತಂದೆತಾಯಿಗಳಾಗುತ್ತಾರೆ. 1951ರ ಜನಗಣತಿಯಂತೆ ಭಾರತದ ಜನಸಂಖ್ಯೆ 36.1 ಕೋಟಿ, 2011ರಲ್ಲಿ 121 ಕೋಟಿ. ಈ 60 ವರ್ಷಗಳ ಸರಾಸರಿ ದರವು ವರ್ಷಕ್ಕೆ ಸುಮಾರು ಶೇಕಡ 2 ಮಾತ್ರ. ನೋಡಲು ಅಲ್ಪವಾದ ಈ ದರವೇ ಜನರನ್ನು ಮೂರು ಪಟ್ಟಿಗೂ ಮಿಗಿಲಾಗಿಸಿತು.

ಆದರೆ ನೀರಿಗೆ ಚಕ್ರಬಡ್ಡಿಯಿಲ್ಲ. ಕೇಂದ್ರ ಜಲ ಆಯೋಗದ ಒಂದು ಅಂದಾಜಿನಂತೆ ನಮ್ಮ ದೇಶದ ನದಿಗಳಿಗೂ ಅಂತರ್ಜಲಕ್ಕೂ ಸರಾಸರಿ ವರ್ಷವೊಂದರಲ್ಲಿ ಸೇರುವ ನೀರು 1,869 ಘನ ಕಿಲೋಮೀಟರು. ಇದನ್ನು 1951ರ ಜನರಿಗೆ ಹಂಚಿದರೆ ತಲೆಗೆ 5,177 ಘನ ಮೀಟರು. 2011ರ ಜನರಿಗೆ ಹಂಚಿದರೆ ಸುಮಾರು 1,545 ಮಾತ್ರ. ಈ ಪಾಲು 1,700ಕ್ಕಿಂತ ಕಡಮೆಯಾದ ದೇಶವನ್ನು ನೀರಿನ ಒತ್ತಡಕ್ಕೆ ಸಿಕ್ಕಿದ ದೇಶವೆಂದು ತಜ್ಞರು ಗಣಿಸುತ್ತಾರೆ. ಭಾಜ್ಯವು ಬದಲಾಗಲಿಲ್ಲ, ಭಾಜಕವು ಬೆಳೆಯಿತು.

ಈ ಲೆಕ್ಕದ ಅರ್ಥವನ್ನು ಕೋಲಾರ ಜಿಲ್ಲೆಯಲ್ಲಿ ಕಣ್ಣಾರೆ ಕಾಣಬಹುದು. ಅಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಂದಿನವರು ಮಳೆಯ ನೀರನ್ನು ಸಾಲು ಸಾಲು ಕೆರೆಗಳಲ್ಲಿ ಹಿಡಿದಿಟ್ಟರು. ಅದು ಇಂಗಿ ಬಾವಿಗಳನ್ನು ತುಂಬುತ್ತಿತ್ತು. ಕಪಿಲೆಯಿಂದ ನೀರೆತ್ತುವಾಗ ಎತ್ತುಗಳ ಶಕ್ತಿಯೇ ಬಳಕೆಗೆ ಮಿತಿಯಾಗಿದ್ದಿತು. ವಿದ್ಯುತ್ ಪಂಪು ಬಂದ ಮೇಲೆ ಆ ಮಿತಿ ತಪ್ಪಿತು. ಮಳೆಯು ತುಂಬುವುದಕ್ಕಿಂತ ಹೆಚ್ಚಾಗಿ ನೀರನ್ನು ತೆಗೆದುದರಿಂದ ಕೊಳವೆ ಬಾವಿಗಳು ಅನೇಕ ಕಡೆ 1,000 ಅಡಿಗೂ ಆಳಕ್ಕೆ ಇಳಿದಿವೆ.

ಆಳ ಹೆಚ್ಚಿದಂತೆ ತೆರಬೇಕಾದ ಬೆಲೆಯೇನು? ಒಂದು ಘನ ಮೀಟರು ನೀರಿನ ದ್ರವ್ಯರಾಶಿ 1,000 ಕಿಲೋಗ್ರಾಂ. ಅದನ್ನು 10 ಮೀಟರು ಎತ್ತಲು 98,000 ಜೂಲ್ ಶಕ್ತಿ ಸಾಕು. 300 ಮೀಟರು ಎತ್ತಲು 29,40,000 ಜೂಲ್, ಅಂದರೆ ಸುಮಾರು 0.8 ಯೂನಿಟ್ ವಿದ್ಯುತ್ತು ಬೇಕು. ಪಂಪಿನಲ್ಲಿ ಆಗುವ ನಷ್ಟ ಬೇರೆ. ಹೀಗೆ ನೀರಿನ ಕೊರತೆಯು ವಿದ್ಯುತ್ತಿನ ಕೊರತೆಯೂ ಆಗಿ ಪರಿಣಮಿಸುವುದು.

ಹಾಗಾದರೆ ತಪ್ಪೆಲ್ಲವೂ ಜನರ ಸಂಖ್ಯೆಯದೇ? ಅಲ್ಲ. ನಿಸರ್ಗದ ಮೇಲಣ ಭಾರವೆಂಬುದು ಜನರ ಸಂಖ್ಯೆ ಮತ್ತು ತಲಾ ಬಳಕೆ ಇವೆರಡರ ಗುಣಲಬ್ಧ. ಮೊದಲನೆಯದರ ಬೆಳವಣಿಗೆ ಈಗ ಕುಂದುತ್ತಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ 2.0 ಮಕ್ಕಳು, ಕರ್ನಾಟಕದಲ್ಲಿ 1.7. ಆದರೂ ಬ್ರೇಕು ಹಾಕಿದೊಡನೆ ರೈಲು ನಿಲ್ಲುವುದಿಲ್ಲವಷ್ಟೆ. ತಾರುಣ್ಯದಲ್ಲಿರುವವರು ಬಹುಸಂಖ್ಯೆಯಲ್ಲಿರುವುದರಿಂದ ಜನಸಂಖ್ಯೆಯು ಇನ್ನೂ ಕೆಲವು ದಶಕಗಳ ಕಾಲ ಏರುತ್ತಲೇ ಇರುವುದು.

ಆದುದರಿಂದ ಎರಡನೆಯ ಅಂಶದ ಕಡೆಗೆ ನಾವು ಗಮನ ಕೊಡಬೇಕು. ನಮ್ಮ ದೇಶದಲ್ಲಿ ಮೇಲೆತ್ತುವ ಅಂತರ್ಜಲದ ಬಹುಪಾಲು ವ್ಯವಸಾಯಕ್ಕೇ ಹೋಗುತ್ತದೆ. ಒಂದು ಕಿಲೋಗ್ರಾಂ ಬತ್ತ ಬೆಳೆಯಲು, ಮಳೆಯ ನೀರೂ ಸೇರಿದಂತೆ, ಸಾವಿರಾರು ಲೀಟರು ನೀರು ಬೇಕು. ರಾಗಿಯಾದರೋ ಮಳೆಯ ಆಸರೆಯಲ್ಲಿಯೇ ಬೆಳೆಯಬಲ್ಲದು. ಯಾವ ನೆಲದಲ್ಲಿ ಯಾವ ಬೆಳೆ, ಕೆರೆಯ ಹೂಳನ್ನು ಎತ್ತಬೇಕೆ ಬೇಡವೆ ಎಂಬ ಪ್ರಶ್ನೆಗಳು ಜನಸಂಖ್ಯೆಯ ಪ್ರಶ್ನೆಯಷ್ಟೇ ದೊಡ್ಡವು.

ವಿದ್ಯಾರ್ಥಿಗಳು ಒಂದು ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ನಿಮ್ಮ ಊರಿನ ವಿಸ್ತೀರ್ಣವನ್ನು ಚದರ ಮೀಟರಿನಲ್ಲಿಯೂ ವರ್ಷದ ಮಳೆಯನ್ನು ಮೀಟರಿನಲ್ಲಿಯೂ ಬರೆದು ಗುಣಿಸಿರಿ. ಬಂದುದನ್ನು ಊರಿನ ಜನರ ಸಂಖ್ಯೆಯಿಂದ ಭಾಗಿಸಿರಿ. ತಲೆಗೆ ಬಿದ್ದ ಮಳೆ ಎಷ್ಟೆಂಬುದು ತಿಳಿಯುವುದು. ಅದರಲ್ಲಿ ಎಷ್ಟು ಆವಿಯಾಗುವುದು, ಎಷ್ಟು ಹರಿದುಹೋಗುವುದು, ಎಷ್ಟು ನೆಲಕ್ಕೆ ಇಂಗುವುದು ಎಂಬುದನ್ನು ವಿಚಾರಿಸುತ್ತ ಹೋದರೆ ಮುಂದಿನ ಪಾಠವನ್ನು ಊರಿನ ಕೆರೆಯೇ ಹೇಳುವುದು.