ಸಾಲೋಟಗಿಯ ಕಂಬವೂ ಗಣಕದ ವಿವರಪಟ್ಟಿಯೂ

ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ ಶಾಸನಸ್ತಂಭವೊಂದು ದೊರೆತಿದೆ. ಶಕವರ್ಷ 867ರ, ಎಂದರೆ ಕ್ರಿ.ಶ. 945ರ, ಅದರ ಸಂಸ್ಕೃತ ಪಾಠವು ಮಂತ್ರಿ ನಾರಾಯಣನು ಪಾವಿಟ್ಟಗೆಯಲ್ಲಿ ಕಟ್ಟಿಸಿದ ವಿದ್ಯಾಶಾಲೆಯನ್ನೂ ವಿದ್ಯಾರ್ಥಿಗಳ ವಾಸಕ್ಕೆಂದು ಬಿಟ್ಟ 27 ಮನೆಗಳನ್ನೂ ಹೇಳುತ್ತದೆ. ಅದೇ ಕಂಬದ ಮೇಲೆ ಕನ್ನಡ ಬರಹಗಳೂ ಇವೆ. ‘ಶಾಲಾಪಾವಿಟ್ಟಗೆ’ಯೇ ಸವೆದು ಸಾಲೋಟಗಿ ಆಯಿತೆಂದು ವಿದ್ವಾಂಸರ ಮತ.

ಇಂತಹ ವಸ್ತುವಿನ ಚಿತ್ರವನ್ನು ಗಣಕಯಂತ್ರದ ಸಂಗ್ರಹಕ್ಕೆ ಸೇರಿಸುವಾಗ ಅದರ ಹೆಸರು, ಕಾಲ, ಸ್ಥಳಗಳನ್ನು ತಿಳಿಸುವ ವಿವರಪಟ್ಟಿಯೊಂದನ್ನು ಜೊತೆಗಿಡಬೇಕಾಗುತ್ತದೆ. ಇದಕ್ಕೇ ಮೆಟಾಡೇಟಾ ಎಂದು ಹೆಸರು. ಪಟ್ಟಿಯಿಲ್ಲದ ಚಿತ್ರವು ಹುಡುಕುವವನಿಗೆ ದೊರೆಯದು. ಪಟ್ಟಿ ಬರೆಯಲು ಹಲವು ಮಾನಕಗಳುಂಟು. ತೊಡಕು ಹುಟ್ಟುವುದು ಎರಡು ಸಂಗ್ರಹಗಳನ್ನು ಕೂಡಿಸಹೊರಟಾಗ.

1995ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡಬ್ಲಿನ್ ಪಟ್ಟಣದಲ್ಲಿ ನಡೆದ ಗೋಷ್ಠಿಯಿಂದ ಹುಟ್ಟಿದ ‘ಡಬ್ಲಿನ್ ಕೋರ್’ ಮಾನಕದಲ್ಲಿ 15 ಅಂಕಣಗಳಿವೆ. ಅವುಗಳಲ್ಲಿ ‘ದಿನಾಂಕ’ವೂ ಒಂದು. ಯಾವ ದಿನಾಂಕ? ಶಾಸನವನ್ನು ಕೊರೆದುದೇ? 1896–97ರ ‘ಎಪಿಗ್ರಾಫಿಯಾ ಇಂಡಿಕಾ’ ಸಂಪುಟದಲ್ಲಿ ಅದು ಅಚ್ಚಾದುದೇ? ಛಾಯಾಚಿತ್ರ ತೆಗೆದುದೇ? ಒಂದು ಸಂಗ್ರಹವು 945 ಎಂದೂ ಮತ್ತೊಂದು 1896 ಎಂದೂ ಬರೆದಿದ್ದರೆ, ಅಂಕಣದ ಹೆಸರು ಒಂದೇ ಎಂದು ನಂಬಿ ಕೂಡಿಸಿದ ಗಣಕವು ಮುಮ್ಮಡಿ ಕೃಷ್ಣನನ್ನು ವಿಕ್ಟೋರಿಯಾ ರಾಣಿಯ ಸಮಕಾಲೀನನನ್ನಾಗಿ ಮಾಡಿಬಿಡುತ್ತದೆ! ಶಾಸನಗಳಿಗೆಂದೇ ರೂಪಿಸಿದ ‘ಎಪಿಡಾಕ್’ ಮಾನಕದಲ್ಲಿ ಕೊರೆದ ಕಾಲಕ್ಕೆ ಪ್ರತ್ಯೇಕ ಸ್ಥಾನವುಂಟು. ಅದರಿಂದ ಡಬ್ಲಿನ್ ಕೋರಿಗೆ ಇಳಿಯುವುದು ಸುಲಭ. ಮರಳಿ ಏರುವುದು ಆಗದ ಮಾತು. ಒಮ್ಮೆ ಅಳಿಸಿದ ಭೇದವನ್ನು ಯಂತ್ರವು ಊಹಿಸಲಾರದು. ಆದುದರಿಂದ ಮೂಲಪಟ್ಟಿಯನ್ನು ಇದ್ದಂತೆಯೇ ಉಳಿಸಿ, ಯಾವ ಅಂಕಣ ಯಾವುದಕ್ಕೆ ಸಮವೆಂಬ ಕೋಷ್ಟಕವನ್ನು ಬೇರೆಯಾಗಿ ಬರೆಯುವುದೇ ಲೇಸು. ಶಕವರ್ಷಕ್ಕೆ 78 ಕೂಡಿಸುವುದು ವಾಡಿಕೆ. ವರ್ಷದ ಕೊನೆಯ ತಿಂಗಳುಗಳಿಗೆ 79 ಬೇಕಾಗುವುದರಿಂದ ಶಾಸನದ ಮಾತನ್ನೂ ನಮ್ಮ ಲೆಕ್ಕವನ್ನೂ ಎರಡನ್ನೂ ದಾಖಲಿಸಬೇಕು.

ಸ್ಥಳದ ಅಂಕಣವಂತೂ ಇನ್ನೂ ಚಂಚಲವಾದುದು. ಹಳೆಯ ಪಟ್ಟಿಗಳಲ್ಲಿ ತಾಳಿಕೋಟೆಯು ಮುದ್ದೇಬಿಹಾಳ ತಾಲ್ಲೂಕಿನ ಊರು, ಆಲಮೇಲವು ಸಿಂದಗಿಯದು; ಈಗ ಅವೆರಡೂ ತಾಲ್ಲೂಕುಗಳೇ ಆಗಿವೆ. ಬಿಜಾಪುರವು 2014ರಲ್ಲಿ ವಿಜಯಪುರವಾಯಿತು. ಬರಿದೇ ‘ಬಾಗೇವಾಡಿ’ ಎಂದಿದ್ದರೆ ಅದು ಬಸವನ ಬಾಗೇವಾಡಿಯೋ ಬೆಳಗಾವಿಯ ಹಿರೇಬಾಗೇವಾಡಿಯೋ ತಿಳಿಯದು. ಹೆಸರಿನ ಜೊತೆಗೆ ಊರಿಗೊಂದು ಸ್ಥಿರವಾದ ಸಂಖ್ಯೆಯನ್ನು ಕೊಟ್ಟು ಹಳೆಯ ಹೊಸ ಹೆಸರುಗಳನ್ನೆಲ್ಲ ಅದಕ್ಕೆ ಕಟ್ಟಿದರೆ ಮಾತ್ರ ಹುಡುಕಾಟ ಫಲಿಸುತ್ತದೆ.

ಗ್ರಂಥಾಲಯದ ಪಟ್ಟಿಗೆ ಸಾಲೋಟಗಿಯ ಕಂಬ ಒಂದೇ ವಸ್ತು. ಶಾಸನತಜ್ಞನಿಗೆ ಅದರ ಪಾಠಗಳು ಬೇರೆ ಬೇರೆ. ಇಬ್ಬರೂ ತಪ್ಪಿಲ್ಲ. ಕಂಬಕ್ಕೊಂದು, ಪ್ರತಿಯೊಂದು ಪಾಠಕ್ಕೊಂದು ಸಂಖ್ಯೆ ಕೊಟ್ಟು, ‘ಈ ಪಾಠ ಈ ಕಂಬದ ಮೇಲಿದೆ’ ಎಂಬ ಸಂಬಂಧವನ್ನೇ ದಾಖಲಿಸಬಹುದು. 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾದ, ವಸ್ತುಸಂಗ್ರಹಾಲಯಗಳ ‘ಸಿಡಾಕ್’ ಮಾದರಿಯು ಇಂತಹ ಸಂಬಂಧಗಳ ಮೇಲೆಯೇ ನಿಂತಿದೆ.