ಛಾಯಾಚಿತ್ರದಲ್ಲಿ ಒಂದೇ ಬಣ್ಣವನ್ನು ತಿದ್ದುವ ಬಗೆ

ಸಂಕೇಶ್ವರದ ಹೆಸರು ಮೆಣಸಿನಕಾಯಿಗೆ ಅಂಟಿಕೊಂಡಿದೆ. ‘ಸಂಕೇಶ್ವರಿ’ ಎಂದರೆ ಕೊಲ್ಲಾಪುರದ ಅಡುಗೆಮನೆಗಳಲ್ಲಿಯೂ ತಿಳಿಯುತ್ತದೆ. ಕಳೆದ ಸುಗ್ಗಿಯಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನು ಕಣದಲ್ಲಿ ಒಣಹಾಕಿದ ಕಾಯಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಅಡತಿ ವ್ಯಾಪಾರಿಯೊಬ್ಬರಿಗೆ ಕಳುಹಿಸಿದನು. ನೀಲಿ ತಾಡಪತ್ರಿಯ ಕೆಳಗೆ ತೆಗೆದ ಚಿತ್ರವದು. ಕಾಯಿ ಕಂದಿ ಕಪ್ಪಾಗಿ ಕಂಡಿತು. ವ್ಯಾಪಾರಿಯು ಹಳೆಯ ಮಾಲೆಂದು ಕಡಿಮೆ ದರ ಹೇಳಿದರು. ಹುಡುಗನು ಕೆಂಪನ್ನು ಏರಿಸಿ ಮತ್ತೆ ಕಳುಹಿಸಲು, ಕಾಯಿಯೊಡನೆ ಅದನ್ನು ಹಿಡಿದಿದ್ದ ತಂದೆಯ ಕೈಯೂ ಕೆಂಪಾಯಿತು. ವ್ಯಾಪಾರಿಗೆ ನಗು ಬಂದಿತು. ದರ ಮಾತ್ರ ಏರಲಿಲ್ಲ.

ಇಲ್ಲಿ ಎರಡು ದೋಷಗಳು ಬೆರೆತಿವೆ. ಅವನ್ನು ಬೇರ್ಪಡಿಸಿ ನೋಡೋಣ.

ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸಾಂಥಿನ್ ಮೊದಲಾದ ವರ್ಣದ್ರವ್ಯಗಳು ಬೆಳಕಿನ ನೀಲಿ ಹಸುರು ಭಾಗಗಳನ್ನು ಹೀರಿ ಕೆಂಪನ್ನು ಹಿಂದಿರುಗಿಸುತ್ತವೆ. ನೀಲಿ ಹಾಳೆಯನ್ನು ತೂರಿ ಬಂದ ಬೆಳಕಿನಲ್ಲಿ ಕೆಂಪೇ ಕಡಿಮೆಯಾಗಿದ್ದರೆ ಕಾಯಿ ಹಿಂದಿರುಗಿಸುವುದಾದರೂ ಏನನ್ನು? ಇದು ಬೆಳಕಿನ ದೋಷ. ಚಿತ್ರದ ಎಲ್ಲ ಬಣ್ಣಗಳನ್ನೂ ಕೆಡಿಸಿರುತ್ತದೆ. ಆದುದರಿಂದ ಮೊದಲು ಇಡೀ ಚಿತ್ರವನ್ನು ಸರಿಪಡಿಸಬೇಕು, ಒಂದು ಬಣ್ಣವನ್ನಲ್ಲ.

ಸಾಮಾನ್ಯ ಚಿತ್ರದಲ್ಲಿ ಪ್ರತಿಯೊಂದು ಬಿಂದುವಿಗೂ ಕೆಂಪು, ಹಸುರು, ನೀಲಿಗಳ ಮೂರು ಸಂಖ್ಯೆಗಳಿರುತ್ತವೆ; ಒಂದೊಂದೂ 0ಯಿಂದ 255ರವರೆಗೆ. ಬಿಳಿಯ ವಸ್ತುವಿನಲ್ಲಿ ಮೂರೂ ಸಮನಾಗಿರಬೇಕು. ಅದೃಷ್ಟವಶಾತ್ ತಂದೆಯ ತಲೆಯ ಮೇಲೆ ಬಿಳಿಯ ಗಾಂಧಿ ಟೋಪಿಯಿತ್ತು. ಅದರ ಸಂಖ್ಯೆಗಳು 120, 150, 190 ಎಂದಿದ್ದವು. ಕೆಂಪನ್ನು 1.25ರಿಂದಲೂ ನೀಲಿಯನ್ನು 0.79ರಿಂದಲೂ ಗುಣಿಸಿದರೆ ಮೂರೂ ಸುಮಾರು 150 ಆಗುತ್ತವೆ. ಅದೇ ಗುಣಕಗಳನ್ನು ಇಡೀ ಚಿತ್ರಕ್ಕೆ ಅನ್ವಯಿಸಬೇಕು. (ಲೆಕ್ಕ ಸ್ಥೂಲವಾದುದು, ಕಡತದ ಸಂಖ್ಯೆಗಳು ಬೆಳಕಿನ ಪ್ರಮಾಣಕ್ಕೆ ನೇರ ಅನುಪಾತದಲ್ಲಿರುವುದಿಲ್ಲ.) ಇಷ್ಟರಿಂದಲೇ ಕಾಯಿಗೆ ಬಹುಪಾಲು ಜೀವ ಬಂದಿತು.

ಇನ್ನು ಒಂದೇ ಬಣ್ಣವನ್ನು ಆರಿಸುವ ಮಾತು. ಮೂರು ಸಂಖ್ಯೆಗಳಲ್ಲಿ ‘ಕೆಂಪು’ ಎಂಬುದೊಂದನ್ನೇ ಹಿಡಿದರೆ ಪ್ರಯೋಜನವಿಲ್ಲ. ಬಿಳಿಯ ಟೋಪಿಯಲ್ಲಿಯೂ ಕೆಂಪು ಧಾರಾಳವಾಗಿದೆ. 1978ರಲ್ಲಿ ಆಲ್ವಿ ರೇ ಸ್ಮಿತ್ ಎಂಬವರು ಪ್ರಕಟಿಸಿದ ಕ್ರಮವು ಇಲ್ಲಿ ನೆರವಾಗುತ್ತದೆ. ಬಣ್ಣಗಳನ್ನು ವೃತ್ತದ ಮೇಲಿಟ್ಟು ಕೆಂಪಿಗೆ 0, ಹಸುರಿಗೆ 120, ನೀಲಿಗೆ 240 ಡಿಗ್ರಿ ಎಂದು ಸ್ಥಾನ ಕೊಡುತ್ತೇವೆ. ಈ ಕೋನವೇ ತಂತ್ರಾಂಶಗಳಲ್ಲಿ ಕಾಣುವ ‘ಹ್ಯೂ’. ಬಣ್ಣ ಎಷ್ಟು ಗಾಢವೆಂಬುದು ‘ಸ್ಯಾಚುರೇಷನ್’.

ಟೋಪಿಯಿಂದ ತಿದ್ದಿದ ಮೇಲೆ ಕಾಯಿಯ ಒಂದು ಬಿಂದು 176, 32, 28 ಎಂದಿತ್ತು. ಕೆಂಪು ಗರಿಷ್ಠವಾಗಿರುವಾಗ ಹಸುರಿನಿಂದ ನೀಲಿಯನ್ನು ಕಳೆದು, ಗರಿಷ್ಠ ಕನಿಷ್ಠಗಳ ಅಂತರದಿಂದ ಭಾಗಿಸಿ, 60ರಿಂದ ಗುಣಿಸಬೇಕು: 4 ÷ 148 × 60, ಎಂದರೆ ಸುಮಾರು 2 ಡಿಗ್ರಿ. ಕೈಯ ಬಿಂದು 190, 130, 100; ಅದರ ಕೋನ 20 ಡಿಗ್ರಿ. ಗಿಂಪ್ ಎಂಬ ಉಚಿತ ತಂತ್ರಾಂಶವು ವೃತ್ತವನ್ನು ಆರು ಪಾಲು ಮಾಡುತ್ತದೆ. ಕೆಂಪಿನ ಪಾಲು 330ರಿಂದ 30 ಡಿಗ್ರಿಯವರೆಗೆ ಹರಡಿದೆ. ಕೈಯೂ ಅದರೊಳಗೇ ಬಿದ್ದಿತು! ತಂತ್ರಾಂಶಕ್ಕೆ ಕಾಯಿಯೂ ತಿಳಿಯದು, ಕೈಯೂ ತಿಳಿಯದು. ಅದು ಕೋನವನ್ನು ಮಾತ್ರ ಬಲ್ಲದು.

ವ್ಯಾಪ್ತಿಯನ್ನು 350ರಿಂದ 10 ಡಿಗ್ರಿಗೆ ಕಿರಿದುಗೊಳಿಸಲು ಬಿಡುವ ತಂತ್ರಾಂಶಗಳಲ್ಲಿ ಕೈ ಹೊರಗುಳಿಯುತ್ತದೆ. ಅಂಚನ್ನು ತೀರ ಕಡಿದಾಗಿಸಬಾರದು. ಬಣ್ಣ ಮೆಲ್ಲನೆ ಬದಲಾಗುವೆಡೆಯಲ್ಲಿ ಕಲೆಗಳೇಳುತ್ತವೆ. ಕಣದ ಮಣ್ಣಿನ ಬಿಂದುವನ್ನು ನೋಡಿರಿ: 150, 90, 60. ಅದರ ಕೋನವೂ 20 ಡಿಗ್ರಿಯೇ. ಕೈಯನ್ನೂ ಮಣ್ಣನ್ನೂ ಕೋನದಿಂದ ಬೇರ್ಪಡಿಸಲಾಗದು. ಅಲ್ಲಿ ಕುಂಚದಿಂದ ಗೆರೆಯೆಳೆದು ಜಾಗವನ್ನೇ ಆರಿಸಬೇಕು.

ಗಾಢತೆಯನ್ನು ಎಷ್ಟು ಏರಿಸಬಹುದು? ಕಾಯಿಯ ಇನ್ನೊಂದು ಮಡಿಕೆಯ ಬಿಂದು 176, 20, 16 ಎಂದಿರಲಿ. ಗಾಢತೆಯನ್ನು ನೂರಕ್ಕೆ ನೂರು ಮಾಡಿದರೆ ಮೊದಲನೆಯದು 176, 5, 0 ಆಗುತ್ತದೆ. ಎರಡನೆಯದು 176, 4, 0. ಹಸುರಿನಲ್ಲಿದ್ದ 12ರ ಅಂತರ 1ಕ್ಕೆ ಇಳಿಯಿತು. ಮಡಿಕೆಗಳು ಅಳಿಸಿ ಕಾಯಿ ಬಣ್ಣ ಬಳಿದ ಗೋಕಾಕದ ಮರದ ಆಟಿಗೆಯಂತಾಗುತ್ತದೆ. ಆಟಿಗೆ ಚೆಂದವೇ, ಆದರೆ ಅದನ್ನು ಕುಟ್ಟಿ ಖಾರ ಮಾಡಲಾಗದು. ಆದುದರಿಂದಲೇ ಮೂಲಕಡತವನ್ನು ಬೇರೆ ಇಟ್ಟು ಪ್ರತಿಯ ಮೇಲೆ ಕೆಲಸ ಮಾಡಬೇಕೆಂದು ನಾವು ಹೇಳುವುದು.

ಕಾಯಿಯ ನಿಜವಾದ ಬಣ್ಣವನ್ನು ಅಳೆಯುವ ಬಗೆ ಬೇರೆಯೇ ಇದೆ. ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, ಆ ದ್ರಾವಣವು 460 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆಂದು ನೋಡುತ್ತಾರೆ. ಸಾಂಬಾರ ಪದಾರ್ಥಗಳ ವ್ಯಾಪಾರದಲ್ಲಿ ‘ಆಸ್ಟಾ’ ಸಂಖ್ಯೆಯೆನ್ನುವುದು ಇದನ್ನೇ. ಮೊಬೈಲಿನ ಕೆಂಪು ಅದಕ್ಕೆ ಬದಲಿಯಲ್ಲ.

ನಮ್ಮ ಹುಡುಗನು ಕೊನೆಗೆ ಟೋಪಿಯ ಲೆಕ್ಕದಿಂದ ತಿದ್ದಿದುದನ್ನಷ್ಟೇ ಉಳಿಸಿಕೊಂಡು, ಕಾಯಿಯ ಕೆಂಪನ್ನು ಮುಟ್ಟದೆ, ಅಂಚಿನಲ್ಲಿ ಕಣ್ಣು ಕುಕ್ಕುತ್ತಿದ್ದ ತಾಡಪತ್ರಿಯ ನೀಲಿಯ ಗಾಢತೆಯನ್ನು ಮಾತ್ರ ತಗ್ಗಿಸಿದನು. ಮೂಲಚಿತ್ರವನ್ನೂ ಜೊತೆಗಿಟ್ಟು ಕಳುಹಿಸಿದನು. ವ್ಯಾಪಾರಿಯು ಎರಡನ್ನೂ ನೋಡಿ, ಒಂದು ಕಿಲೋ ಮಾದರಿ ಕಳುಹಿಸಲು ಹೇಳಿದರು.